ಕಾರವಾರದ ಕಡಲು, ದೇವಿಮನೆ ಘಟ್ಟ, ಮೂರು ಬಗೆಯ ಜಿಪಿಎಸ್ ಗಡಿಯಾರಗಳು

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಥ್ಲಾನ್ ಸ್ಪರ್ಧೆಯ ತರಬೇತಿಗೆಂದು ಗಡಿಯಾರ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಜಿಪಿಎಸ್ ಎಷ್ಟು ನಿಖರ ಎಂಬುದನ್ನು. ಎಷ್ಟು ಉಪಗ್ರಹ ವ್ಯವಸ್ಥೆಗಳನ್ನು ಹಿಡಿಯುತ್ತದೆ, ಸಂಕೇತವನ್ನು ಒಂದು ಆವರ್ತನದಲ್ಲಿ (ಫ್ರೀಕ್ವೆನ್ಸಿ) ಹಿಡಿಯುತ್ತದೋ ಎರಡರಲ್ಲೋ, ನಕ್ಷೆ ಉಂಟೋ ಇಲ್ಲವೋ. ಬೆಲೆಯೂ ಇದೇ ಲೆಕ್ಕದಲ್ಲಿ ಏರುತ್ತದೆ. ಕಾರವಾರದ ಕಡಲಿನಲ್ಲಿ ಈಜಿ, ಕಾಳಿ ನದಿಯ ದಂಡೆಯ ರಸ್ತೆಯಲ್ಲಿ ಸೈಕಲ್ ತುಳಿದು, ಮರಳಿನ ಮೇಲೆ ಓಡಿದ ಅನುಭವದಿಂದ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ನಮ್ಮ ಕರಾವಳಿಯಲ್ಲಿ ಹಣ ಹಾಕಬೇಕಾದದ್ದು ಒದ್ದೆ ಬೆರಳಿಗೂ ಒಗ್ಗುವ ಗುಂಡಿಗಳ ಮೇಲೆ ಮತ್ತು ಹೃದಯ ಬಡಿತ ಅಳೆಯುವ ಎದೆಪಟ್ಟಿಯ ಮೇಲೆ. ಉಪಗ್ರಹಗಳ ಮಾತು ಆಮೇಲೆ.

ನಾನು ಹೋಲಿಸಿ ನೋಡಿದ್ದು ಮೂರು ಬಗೆಯ ಗಡಿಯಾರಗಳನ್ನು. ಮೊದಲನೆಯದು ಕಚೇರಿಗೂ ಕಟ್ಟಿಕೊಂಡು ಹೋಗಬಹುದಾದ, ಪರದೆ ಮುಟ್ಟಿ ನಡೆಸುವ ಸ್ಮಾರ್ಟ್ ವಾಚ್. ಎರಡನೆಯದು ಐದು ಗುಂಡಿಗಳಿರುವ, ಮಧ್ಯಮ ಬೆಲೆಯ ಮಲ್ಟಿಸ್ಪೋರ್ಟ್ ಗಡಿಯಾರ, ಅಂದರೆ ಈಜು, ಸೈಕಲ್, ಓಟಗಳನ್ನು ಒಂದೇ ದಾಖಲೆಯಲ್ಲಿ ಅಳೆಯುವಂಥದ್ದು. ಮೂರನೆಯದು ಎರಡು ಆವರ್ತನಗಳ ಜಿಪಿಎಸ್, ಬಣ್ಣದ ನಕ್ಷೆ ಎಲ್ಲವೂ ಇರುವ ದುಬಾರಿ ಮಾದರಿ. ಶಿರಸಿಯ ಗೆಳೆಯರೊಬ್ಬರು ಪ್ರೀತಿಯಿಂದ ಕೊಟ್ಟದ್ದು. ಸೈಕಲ್ಲಿನ ಹಿಡಿಕೆಗೆ ಸಿಕ್ಕಿಸಿದ ಮೊಬೈಲನ್ನೂ ಜೊತೆಗೆ ಸೇರಿಸಿಕೊಂಡೆ. ಕಂಪನಿಗಳ ಹೆಸರು ಹೇಳುತ್ತಿಲ್ಲ. ಮಾದರಿಗಳು ಬೇಗ ಬೇಗ ಬದಲಾಗುತ್ತವೆ, ಆದರೆ ಈ ಮೂರು ಬಗೆಗಳ ನಡುವಿನ ಅಂತರ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ.

ಕಡಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಗಡಿಯಾರದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಸಂಕೇತ ನಮ್ಮನ್ನು ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ, ಉಪ್ಪುನೀರಿನೊಳಗಂತೂ ಇಳಿಯುವುದೇ ಇಲ್ಲ. ಮಣಿಕಟ್ಟು ಒಂದೆರಡು ಅಂಗುಲ ಮುಳುಗಿದರೂ ಗಡಿಯಾರ ಕುರುಡಾಗುತ್ತದೆ. ಫ್ರೀಸ್ಟೈಲ್ ಈಜುವಾಗ ಕೈ ನೀರಿನಿಂದ ಮೇಲೆ ಬರುವ ಆ ಅರೆಕ್ಷಣದಲ್ಲಿ ಸಿಕ್ಕಷ್ಟನ್ನು ಹಿಡಿದು, ಉಳಿದದ್ದನ್ನು ಲೆಕ್ಕ ಹಾಕಿ ತುಂಬಿಸಿಕೊಳ್ಳಬೇಕು. ಬ್ರೆಸ್ಟ್‌ಸ್ಟ್ರೋಕ್ ಈಜುವವರಿಗೆ ಆ ಅರೆಕ್ಷಣವೂ ಇಲ್ಲ, ಕೈ ಬಹುಪಾಲು ನೀರಿನೊಳಗೇ ಇರುತ್ತದೆ.

ಟ್ಯಾಗೋರ್ ಕಡಲತೀರದಲ್ಲಿ, ಚಳಿಗಾಲದ ಬೆಳಗಿನ ಶಾಂತ ನೀರಿನಲ್ಲಿ, ದಡಕ್ಕೆ ಸಮಾನಾಂತರವಾಗಿ ಭೂಪಟದಲ್ಲಿ 750 ಮೀಟರ್ ಗುರುತು ಮಾಡಿಕೊಂಡು ಈಜಿದೆ. ಸ್ಪ್ರಿಂಟ್ ಎಂಬ ಚಿಕ್ಕ ಟ್ರಯಥ್ಲಾನಿನ ಈಜು ಅಷ್ಟೇ ದೂರದ್ದು. ಒಲಿಂಪಿಕ್ ದೂರದ್ದು ಅದರ ಇಮ್ಮಡಿ, 1,500 ಮೀಟರ್. ಸ್ಮಾರ್ಟ್ ವಾಚ್ ಎಳೆದ ಗೆರೆ ಅಂಕುಡೊಂಕಾಗಿ ಒಮ್ಮೆ ಮರಳಿನ ಮೇಲೂ ಹತ್ತಿ ಇಳಿದಿತ್ತು. ಅಂಕುಡೊಂಕು ಹೆಚ್ಚಿದಷ್ಟೂ ದೂರವೂ ಹೆಚ್ಚುತ್ತದೆ, ಹಾಗಾಗಿ ವೇಗವೂ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಗುಂಡಿಗಳ ಗಡಿಯಾರದ ಗೆರೆ ಅದಕ್ಕಿಂತ ಎಷ್ಟೋ ನೇರ. ನನ್ನ ಕುತೂಹಲ ಇದ್ದದ್ದು ದುಬಾರಿ ಗಡಿಯಾರದ ಮೇಲೆ. ನೀರಿನಲ್ಲಿ ಅದಕ್ಕೂ ಮಧ್ಯಮ ಬೆಲೆಯದಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸ ನನಗೆ ಕಾಣಲಿಲ್ಲ. ಸಂಕೇತವೇ ತಲುಪದ ಕಡೆ ಆವರ್ತನ ಎರಡಿದ್ದರೇನು, ನಾಲ್ಕಿದ್ದರೇನು? ಅಲ್ಲಿ ಕೆಲಸಕ್ಕೆ ಬರುವುದು ಈಜಿಗೆಂದೇ ಬರೆದ ತಂತ್ರಾಂಶ, ಅದು ಎರಡರಲ್ಲೂ ಇದೆ.

ಇನ್ನೊಂದು ಉಪಾಯವನ್ನೂ ನೋಡಿದೆ. ಸೊಂಟಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಹೋಗುವ ಕಿತ್ತಳೆ ಬಣ್ಣದ ತೇಲುಚೀಲ ಇರುತ್ತದಲ್ಲ, ಅದರ ಒಳಜೇಬಿನಲ್ಲಿ ಗಡಿಯಾರ ಇಟ್ಟು ಈಜುವುದು. ಗೆರೆ ಬಲು ಶುದ್ಧವಾಗಿ ಬರುತ್ತದೆ, ಅಗ್ಗದ ಗಡಿಯಾರವೂ ದುಬಾರಿಯದಕ್ಕೆ ಸಮನಾಗುತ್ತದೆ. ಆದರೆ ಕೈ ಬೀಸಿದ ಎಣಿಕೆ ಸಿಗುವುದಿಲ್ಲ, ನಡುವೆ ಸಮಯ ನೋಡಲಾಗುವುದಿಲ್ಲ. ಹೊಸ ಮಾರ್ಗದ ದೂರ ತಿಳಿಯಲು ಮಾತ್ರ ಇದು ಸರಿ. ತೇಲುಚೀಲವನ್ನಂತೂ ಗಡಿಯಾರ ಇರಲಿ ಬಿಡಲಿ ಕಟ್ಟಿಕೊಳ್ಳಲೇಬೇಕು. ಮೀನುಗಾರಿಕೆ ದೋಣಿಯಲ್ಲಿ ಬರುವವರಿಗೆ ನೀರಿನಲ್ಲಿ ಒಂದು ತಲೆ ಕಾಣುವುದು ಕಷ್ಟ.

ಈಜಿನ ವೇಗದ ಬಗ್ಗೆ ಒಂದು ಮಾತು. ಕಾಳಿ ನದಿ ಕಡಲು ಸೇರುವ ಕೋಡಿಬಾಗದ ಕಡೆಯಿಂದ ಇಳಿತದ ಹೊತ್ತಿಗೆ ಬರುವ ಸೆಳೆತ ಇಡೀ ಕೊಲ್ಲಿಯ ನೀರನ್ನು ಕದಲಿಸುತ್ತದೆ. ಹೋಗುವಾಗ ನೂರು ಮೀಟರಿಗೆ ಒಂದು ಸಮಯ, ಬರುವಾಗ ಇನ್ನೊಂದು. ಗಡಿಯಾರ ತೋರಿಸುವ ಈ ವ್ಯತ್ಯಾಸ ಈಜುಗಾರನದಲ್ಲ, ನೀರಿನದು. ಹೋಗಿ ಬಂದ ಒಟ್ಟು ಸಮಯವನ್ನಷ್ಟೇ ನೋಡಬೇಕು. ಕೆಲವು ಗಡಿಯಾರಗಳು ಭರತ ಇಳಿತದ ವೇಳಾಪಟ್ಟಿಯನ್ನೂ ಕೊಡುತ್ತವೆ, ಉಪಯೋಗದ ಸೌಲಭ್ಯ. ಆದರೂ ಬೈತಖೋಲದ ಹಿರಿಯ ಮೀನುಗಾರರೊಬ್ಬರು ದಡದಲ್ಲಿ ನಿಂತು, "ತಮ್ಮಾ, ಗಾಳಿ ತಿರುಗಿದೆ, ಇವತ್ತು ಇಳಿಯುವುದು ಬೇಡ" ಎಂದರೆ ನಾನು ಗಡಿಯಾರದ ಮಾತು ಕೇಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನಮ್ಮದಲ್ಲ. ಆಗ ಈಜುಕೊಳವೇ ಗತಿ, ಅಲ್ಲಿ ಜಿಪಿಎಸ್‌ಗೆ ಕೆಲಸವಿಲ್ಲ. ಕೈಯ ಚಲನೆ ಮತ್ತು ಗೋಡೆಯ ಬಳಿ ತಿರುಗುವುದನ್ನು ಗುರುತಿಸಿ ಗಡಿಯಾರ ಸುತ್ತು ಎಣಿಸುತ್ತದೆ; ಕೊಳದ ಉದ್ದವನ್ನು ನಾವು ಸರಿಯಾಗಿ ತುಂಬಿಸಿಕೊಟ್ಟರೆ ಸಾಕು. ಮೂರೂ ಇದನ್ನು ಚೆನ್ನಾಗಿಯೇ ಮಾಡಿದವು.

ಸ್ಮಾರ್ಟ್ ವಾಚ್ ಹಿಂದೆ ಬಿದ್ದದ್ದು ನೀರಿನಿಂದ ಹೊರಬಂದ ಕ್ಷಣದಲ್ಲಿ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಆ ಎರಡು ಘಟ್ಟಗಳೂ ಸ್ಪರ್ಧೆಯ ಸಮಯದಲ್ಲಿ ಸೇರುತ್ತವೆ. ಮಲ್ಟಿಸ್ಪೋರ್ಟ್ ಗಡಿಯಾರದಲ್ಲಿ ಮರಳಿನ ಮೇಲೆ ಓಡುತ್ತಲೇ ಲ್ಯಾಪ್ ಗುಂಡಿ ಒಮ್ಮೆ ಒತ್ತಿದರೆ ಈಜು ಮುಗಿದು ಬದಲಾವಣೆಯ ಸಮಯ ಶುರು. ಸೈಕಲ್ ಹತ್ತುವಾಗ ಇನ್ನೊಮ್ಮೆ ಒತ್ತಿದರೆ ಸೈಕಲ್. ಕಣ್ಣು ಹಾಯಿಸಬೇಕಾಗಿಯೂ ಇಲ್ಲ, ಬೆರಳಿಗೆ ಜಾಗ ಗೊತ್ತು. ಸ್ಮಾರ್ಟ್ ವಾಚ್‌ನ ಪರದೆ ನೀರಿನಲ್ಲಿ ತಾನಾಗಿ ಏನೇನೋ ಒತ್ತಿಕೊಳ್ಳಬಾರದೆಂದು ಬೀಗ ಹಾಕಿಕೊಂಡಿರುತ್ತದೆ. ಮೊದಲು ಬೀಗ ತೆಗೆಯಬೇಕು, ಆಮೇಲೆ ಉಪ್ಪುನೀರು ಸುರಿಯುವ ಬೆರಳಿನಿಂದ ಪರದೆ ಸವರಬೇಕು. ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಅದು ದೊಡ್ಡ ಕಿರಿಕಿರಿ. ಕಾರವಾರದಲ್ಲಿ ಈ ತೊಂದರೆ ಈಜಿಗಷ್ಟೇ ಸೀಮಿತವಲ್ಲ. ಮಳೆಗಾಲದ ನಾಲ್ಕು ತಿಂಗಳು ಮಳೆಯಿಂದ, ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆವರಿನಿಂದ ಕೈ ಒದ್ದೆಯಾಗಿಯೇ ಇರುತ್ತದೆ. ವರ್ಷದಲ್ಲಿ ಒಣ ಬೆರಳು ಎಷ್ಟು ದಿನ ಸಿಕ್ಕೀತು?

ಇನ್ನು ಹೃದಯ ಬಡಿತ. ಗಡಿಯಾರದ ಹಿಂಬದಿಯ ಹಸಿರು ದೀಪ ಚರ್ಮದ ಕೆಳಗಿನ ರಕ್ತದ ಏರಿಳಿತವನ್ನು ಬೆಳಕಿನಿಂದ ಅಳೆಯುತ್ತದೆ. ಎದೆಪಟ್ಟಿ ಅಳೆಯುವುದು ಹೃದಯದ ವಿದ್ಯುತ್ ಸಂಕೇತವನ್ನೇ. ಪಟ್ಟಿ ಹಳೆಯ ತಂತ್ರ. ಫಿನ್ಲೆಂಡಿನ ಪೋಲಾರ್ ಕಂಪನಿ ತಂತಿಯಿಲ್ಲದ ಹೃದಯ ಬಡಿತ ಮಾಪಕವನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು. ಹಳೆಯದೆಂದು ಅದನ್ನು ಬಿಡುವಂತಿಲ್ಲ. ನಿಧಾನವಾಗಿ ಒಂದೇ ಸಮನೆ ಓಡುವಾಗ ಮಣಿಕಟ್ಟಿನ ಅಳತೆಯೂ ಪಟ್ಟಿಯ ಅಳತೆಯೂ ಜೊತೆಜೊತೆಗೇ ಸಾಗಿದವು. ವೇಗ ಏರಿಸಿ ಇಳಿಸುವ ಅಭ್ಯಾಸಕ್ಕೆ ಬಂದ ಕೂಡಲೇ ಮಣಿಕಟ್ಟಿನದು ಹಿಂದೆ ಬಿತ್ತು: ನಾನು ಓಡಿ ಮುಗಿಸಿ ನಿಂತ ಮೇಲೆ ಅಲ್ಲಿ ಬಡಿತ ಏರುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ಗಡಿಯಾರ ಸಡಿಲವಾಗಿ, ಬೆವರಿನಿಂದ ಜಾರುತ್ತಿದ್ದಾಗ ಬೆಳಕಿನ ಸಂವೇದಕ ಹೆಜ್ಜೆಯ ಲಯವನ್ನೇ ಹೃದಯದ ಲಯವೆಂದು ಹಿಡಿದುಬಿಡುತ್ತದೆ. ನಿಮಿಷಕ್ಕೆ ನೂರೆಪ್ಪತ್ತು ಹೆಜ್ಜೆ ಇಡುವವನಿಗೆ ಬಡಿತವೂ ನೂರೆಪ್ಪತ್ತು ಎಂದು ತೋರಿಸುತ್ತದೆ. ಇದರಲ್ಲಿ ದುಬಾರಿ ಗಡಿಯಾರವೂ ಪೂರ್ತಿ ಪಾರಾಗಲಿಲ್ಲ. ಹೀಗಾಗಿ ಮಧ್ಯಮ ಗಡಿಯಾರ ಮತ್ತು ಎದೆಪಟ್ಟಿಯ ಜೋಡಿ, ಪಟ್ಟಿಯಿಲ್ಲದ ದುಬಾರಿ ಗಡಿಯಾರಕ್ಕಿಂತ ತರಬೇತಿಗೆ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಬ್ಲೂಟೂತ್ ಸಂಕೇತವೂ ನೀರಿನಲ್ಲಿ ಸಾಗುವುದಿಲ್ಲವಾದ್ದರಿಂದ, ಈಜಿನಲ್ಲೂ ಬಡಿತ ಬೇಕೆನ್ನುವವರು ತನ್ನೊಳಗೇ ದಾಖಲೆ ಇಟ್ಟುಕೊಂಡು ಆಮೇಲೆ ಗಡಿಯಾರಕ್ಕೆ ಒಪ್ಪಿಸುವ ಪಟ್ಟಿಯನ್ನೇ ಕೇಳಿ ಕೊಳ್ಳಬೇಕು.

ಈ ಬಡಿತದ ಮೇಲೆ ಗಡಿಯಾರಗಳು ಕಟ್ಟುವ ತೀರ್ಪುಗಳನ್ನು ನಮ್ಮ ಹವೆಯಲ್ಲಿ ಎಚ್ಚರದಿಂದ ಓದಬೇಕು. ಶಿರಸಿಯ ತಂಪು ಮುಂಜಾನೆಯಲ್ಲಿ ಓಡುವ ಅದೇ ವೇಗಕ್ಕೆ ಕಾರವಾರದ ಮೇ ತಿಂಗಳಿನಲ್ಲಿ ಹೃದಯ ಹೆಚ್ಚು ದುಡಿಯುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಚರ್ಮದ ಕಡೆಗೆ ಹೆಚ್ಚು ರಕ್ತ ಕಳುಹಿಸಲು ಬಡಿತ ಏರುತ್ತದೆ. ಗಡಿಯಾರ ಇದನ್ನು ಸಾಮರ್ಥ್ಯ ಕುಸಿದಿದೆ ಎಂದು ಓದಿಕೊಳ್ಳುತ್ತದೆ. ಮೊಬೈಲಿನಿಂದ ಹವಾಮಾನ ತರಿಸಿಕೊಂಡು ಬಿಸಿಲು ತೇವಗಳ ಲೆಕ್ಕ ಕಳೆಯುವ ಗಡಿಯಾರಗಳೂ ಇವೆ. ದುಬಾರಿಯದು ಇಲ್ಲಿ ಹೆಚ್ಚು ನ್ಯಾಯವಾಗಿ ನಡೆದುಕೊಂಡಿತು, ಅದನ್ನು ಒಪ್ಪುತ್ತೇನೆ. ಒಳ್ಳೆಯ ತರಬೇತಿ ಮಾಡುತ್ತಿರುವ ಹುಡುಗ ಹುಡುಗಿಯರು ಗಡಿಯಾರದ ಒಂದು ಸಾಲಿಗೆ ಎದೆಗುಂದುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೇ ತಿಂಗಳ ಓಟವನ್ನು ಮೇ ತಿಂಗಳ ಓಟದೊಂದಿಗೇ ಹೋಲಿಸಬೇಕು.

ಸೈಕಲ್ಲಿನ ವಿಷಯದಲ್ಲಿ ಹೇಳುವುದು ಕಡಿಮೆ. ಕದ್ರಾ ಕಡೆಯ ರಸ್ತೆಯಲ್ಲಾಗಲಿ, ಅಂಕೋಲಾ ಕಡೆಯ ಹೆದ್ದಾರಿಯಲ್ಲಾಗಲಿ ಮೂರೂ ಗಡಿಯಾರಗಳ ದೂರ ಹೆಚ್ಚು ಕಡಿಮೆ ಒಂದೇ. ಬಿಣಗಾ ಬಳಿಯ ಹೆದ್ದಾರಿ ಸುರಂಗದೊಳಗೆ ಮೂರಕ್ಕೂ ಉಪಗ್ರಹ ಇಲ್ಲ. ಚಕ್ರಕ್ಕೆ ಕಟ್ಟುವ ವೇಗ ಸಂವೇದಕವೊಂದಿದ್ದರೆ ಆ ಕೊರತೆ ತುಂಬುತ್ತದೆ. ತುಳಿಯುವಾಗ ಮಣಿಕಟ್ಟು ತಿರುಗಿಸಿ ನೋಡುವುದು ಲಾರಿ ಓಡಾಡುವ ರಸ್ತೆಯಲ್ಲಿ ಅಪಾಯ, ಆದ್ದರಿಂದ ಕಣ್ಣೆದುರಿನ ಪರದೆಯೇ ಲೇಸು. ಮೊಬೈಲಿನ ದೊಡ್ಡ ಪರದೆ ಬೆಳಗಿನ ಎಂಟರವರೆಗೆ ಸುಖ. ಬಿಸಿಲೇರಿದ ಮೇಲೆ ಕಾದು ಮಂಕಾಗುತ್ತದೆ, ಮಳೆ ಬಂದರೆ ಹನಿಯ ಸ್ಪರ್ಶಕ್ಕೇ ಪುಟ ತಿರುಗಿಸುತ್ತದೆ. ಗಡಿಯಾರವನ್ನೇ ಹಿಡಿಕೆಗೆ ಕಟ್ಟುವ ರಬ್ಬರಿನ ಆಸರೆ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಓಟಕ್ಕೆ ಇಳಿಯುವಾಗ ಮತ್ತೆ ಕೈಗೆ ಕಟ್ಟಿಕೊಳ್ಳುವ ಕೆಲಸ ಉಳಿಯುತ್ತದೆ.

ಎರಡು ಆವರ್ತನಗಳ ಜಿಪಿಎಸ್ ತನ್ನ ಬೆಲೆಗೆ ತಕ್ಕಂತೆ ನಡೆದದ್ದು ಘಟ್ಟದಲ್ಲಿ. ಕುಮಟಾದಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದ ತಿರುವುಗಳಲ್ಲಿ ಮೇಲೆ ಮರ, ಪಕ್ಕದಲ್ಲಿ ಗುಡ್ಡ. ಉಪಗ್ರಹದ ಸಂಕೇತ ಬಂಡೆಗೆ ಬಡಿದು ತಡವಾಗಿ ಬರುತ್ತದೆ, ಒದ್ದೆ ಎಲೆಗಳ ನಡುವೆ ಸೋರಿ ಬರುತ್ತದೆ. 1575.42 ಮೆಗಾಹರ್ಟ್ಸ್‌ನ ಹಳೆಯ ಸಂಕೇತದ ಜೊತೆಗೆ 1176.45 ಮೆಗಾಹರ್ಟ್ಸ್‌ನ ಇನ್ನೊಂದನ್ನೂ ಹಿಡಿಯುವ ಗಡಿಯಾರ, ನೇರವಾಗಿ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ಚೆನ್ನಾಗಿ ವಿಂಗಡಿಸುತ್ತದೆ. ಮಧ್ಯಮ ಗಡಿಯಾರ ತಿರುವುಗಳನ್ನು ಕತ್ತರಿಸಿಕೊಂಡು ಹೋದ ಕಡೆ ದುಬಾರಿಯದು ರಸ್ತೆಯ ಅಂಚನ್ನು ಬಿಡಲಿಲ್ಲ. ಶಿರಸಿ, ಯಲ್ಲಾಪುರದ ಕಾಡುದಾರಿಗಳಲ್ಲಿ ಓಡುವವರಾದರೆ ನಾನು ಅದನ್ನೇ ಕೊಳ್ಳಿ ಎನ್ನುತ್ತೇನೆ. ತೆರೆದ ಆಕಾಶದ ಕಡಲತೀರದಲ್ಲಿ ಮಾತ್ರ ಆ ಹೆಚ್ಚುವರಿ ಹಣಕ್ಕೆ ಏನೂ ಸಿಗುವುದಿಲ್ಲ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಟ್ರಯಥ್ಲಾನ್ ಮೊದಲ ಬಾರಿ ಒಲಿಂಪಿಕ್ಸ್ ಸೇರಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಅದೇ ವರ್ಷದ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್ ಆಚೀಚೆ ಆಗುತ್ತಿದ್ದ ಜಾಗದಲ್ಲಿ ಇಂದು ರಸ್ತೆಯ ಯಾವ ಬದಿ ಎಂದು ಚರ್ಚಿಸುತ್ತಿದ್ದೇವೆ. ನನಗೆ ಇದು ಇಂದಿಗೂ ಬೆರಗು.

ಎತ್ತರದ ಅಳತೆಯಲ್ಲಿ ಕರಾವಳಿಯವರಿಗೆ ಒಂದು ಅನುಕೂಲ ಇದೆ. ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುವ ಗಡಿಯಾರವನ್ನು ಹೊರಡುವ ಮುನ್ನ ಕಡಲ ಅಂಚಿನಲ್ಲಿ ನಿಂತು ಸೊನ್ನೆಗೆ ಹೊಂದಿಸಿಕೊಳ್ಳಬಹುದು. ಒತ್ತಡ ಒಂದು ಮಿಲಿಬಾರ್ ಬದಲಾದರೆ ಸುಮಾರು ಎಂಟು ಮೀಟರ್ ವ್ಯತ್ಯಾಸ ಬರುತ್ತದೆ. ಕಡಲಿನಲ್ಲಿ ವಾಯುಭಾರ ಕುಸಿತವಾದ ದಿನ ನಿಂತಲ್ಲೇ ಗುಡ್ಡ ಹತ್ತಿದಂತೆ ತೋರಿಸಿದರೆ ಗಾಬರಿ ಬೇಡ.

ಬ್ಯಾಟರಿಯ ಅಗತ್ಯವನ್ನು ಗುರಿಯ ಸ್ಪರ್ಧೆ ನಿರ್ಧರಿಸುತ್ತದೆ. 2019ರಲ್ಲಿ ಗೋವಾದಲ್ಲಿ ಮೊದಲ ಬಾರಿ ನಡೆದ ಐರನ್‌ಮ್ಯಾನ್ 70.3 ಎಂಬ ದೀರ್ಘ ದೂರದ ಟ್ರಯಥ್ಲಾನಿನಲ್ಲಿ 1.9 ಕಿಲೋಮೀಟರ್ ಈಜು, 90 ಸೈಕಲ್, 21.1 ಓಟ. ಮುಗಿಸಲು ಎಂಟು ಗಂಟೆ ಹಿಡಿಯುವವರಿಗೆ ಸ್ಮಾರ್ಟ್ ವಾಚ್ ಕೊನೆಯ ಓಟದಲ್ಲಿ ಕೈಕೊಡಬಹುದು. ಗುಂಡಿಗಳ ಗಡಿಯಾರಗಳಿಗೆ ಅದು ಚಿಂತೆಯ ವಿಷಯವೇ ಅಲ್ಲ.

ನಮ್ಮ ಊರಿನಲ್ಲಿ ಗಡಿಯಾರದ ಆಯಸ್ಸು ನಿಂತಿರುವುದು ಆರೈಕೆಯ ಮೇಲೆ. ಕಡಲಿನಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಗುಂಡಿಗಳ ಸಂದಿಯಿಂದ ಉಪ್ಪು ಹೋಗುವಂತೆ ನೀರಿನೊಳಗೆ ಆಡಿಸಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಮಾತ್ರ ಚಾರ್ಜಿಗೆ ಹಾಕಬೇಕು. ಒದ್ದೆ ಇರುವಾಗ ಹಾಕಿದರೆ ಲೋಹದ ಬಿಂದುಗಳಿಗೆ ಕಿಲುಬು ಹಿಡಿಯುತ್ತದೆ. ಬಟ್ಟೆಯ ಪಟ್ಟಿ ಮಳೆಗಾಲದಲ್ಲಿ ಒಣಗದೆ ಮುಗ್ಗುತ್ತದೆ, ಸಿಲಿಕೋನ್ ಪಟ್ಟಿಯೇ ಕ್ಷೇಮ. ಎದೆಪಟ್ಟಿಯಿಂದ ಸಂವೇದಕವನ್ನು ಪ್ರತಿ ಸಲವೂ ಬಿಡಿಸಿಡಬೇಕು. ಒದ್ದೆ ಪಟ್ಟಿಗೆ ಅಂಟಿಕೊಂಡಿದ್ದರೆ ಅದು ಎಚ್ಚರವಾಗಿಯೇ ಇದ್ದು ಬ್ಯಾಟರಿ ತಿನ್ನುತ್ತದೆ.

ಹೊಸದರ ಬೆಲೆ ಹೆಚ್ಚೆನಿಸಿದರೆ ಒಂದೆರಡು ತಲೆಮಾರು ಹಿಂದಿನ ಗುಂಡಿಗಳ ಮಾದರಿಯನ್ನು ಬಳಸಿದವರ ಕೈಯಿಂದ ಕೊಳ್ಳಿ, ಉಳಿದ ಹಣದಲ್ಲಿ ಎದೆಪಟ್ಟಿ ತೆಗೆದುಕೊಳ್ಳಿ. ಕೊಳ್ಳುವ ಮುನ್ನ ನಲ್ಲಿಯ ಕೆಳಗೆ ಹಿಡಿದು ಪ್ರತಿಯೊಂದು ಗುಂಡಿಯೂ ಒತ್ತಿದ ಕೂಡಲೇ ಮರಳಿ ಬರುತ್ತದೆಯೇ ನೋಡಿ, ಹಿಂಬದಿಯ ಚಾರ್ಜಿಂಗ್ ಬಿಂದುಗಳಲ್ಲಿ ಹಸಿರು ಕಲೆ ಇದೆಯೇ ನೋಡಿ, ಜಿಪಿಎಸ್ ಹಾಕಿಕೊಂಡು ಒಂದು ಗಂಟೆ ನಡೆದು ಬ್ಯಾಟರಿ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಕಡಲತೀರದಲ್ಲಿ ಬಳಸಿದ ಗಡಿಯಾರವಾದರೆ ಲ್ಯಾಪ್ ಗುಂಡಿಯನ್ನು ಎರಡು ಸಲ ನೋಡಿ, ಹೆಚ್ಚು ಸವೆಯುವುದು ಅದೇ.