ರಾಯಲ್ ಮೈಲ್‌ನ ಅಗ್ಗದ ಕಿಲ್ಟ್: ದುಡ್ಡು ಕೊಡುವ ಮುಂಚೆ ಒಳಗಡೆ ತಿರುಗಿಸಿ ನೋಡಿ

ಎಡಿನ್‌ಬರಾದಲ್ಲಿ ಇರುವವರಿಗೆ, ಇಲ್ಲಿಗೆ ಓದಲು ಬರುತ್ತಿರುವವರಿಗೆ, ಊರು ನೋಡಲು ಬರುವವರಿಗೂ ಒಂದು ಮಾತು. ಊರಿನ ಹಳೇ ಭಾಗದ ದೊಡ್ಡ ಬೀದಿ ರಾಯಲ್ ಮೈಲ್‌ನ ಪ್ರವಾಸಿ ಅಂಗಡಿಗಳ ಬಾಗಿಲಲ್ಲಿ 30-40 ಪೌಂಡ್ ಚೀಟಿ ಹಚ್ಚಿ ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಹಿಂದೆ ನೆರಿಗೆ ಇರುವ ಮೊಣಕಾಲುದ್ದದ ಚೌಕಳಿ ಬಟ್ಟೆ) ನೇತುಹಾಕಿರುತ್ತಾರಲ್ಲ, ಅದನ್ನು ದಿನಾ ಉಡಲು ಅಂತ ತಗೋಬೇಡಿ. ಫೋಟೋಗೆ, ಫ್ಯಾನ್ಸಿ ಡ್ರೆಸ್‌ಗೆ ಸಾಕು. ಅದರಾಚೆಗೆ ಬಾಳುವ ಬಟ್ಟೆ ಅಲ್ಲ ಅದು. ನನಗೆ ಅಂಥದ್ದೊಂದು ಗಂಟುಬಿದ್ದಿತ್ತು.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಮದುವೆ ಮನೆಯ ಕರಿ ಕೋಟು, ಬೆಳ್ಳಿ ಗುಂಡಿ, ಆ ಭರ್ಜರಿ ವೇಷ ಬೇಡ. ಶನಿವಾರ ಟೀ ಶರ್ಟು, ಬೂಟಿನ ಜೊತೆ ಉಟ್ಟು ಓಡಾಡಲು ಒಂದು ಸಾದಾ ಕಿಲ್ಟ್ ಸಾಕಿತ್ತು. ಇಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮರ‍್ರೀಫೀಲ್ಡ್‌ನಲ್ಲಿ ರಗ್ಬಿ ಇರುವ ದಿನ ಟ್ರಾಮ್ ಹತ್ತಿ ನೋಡಿ, ಜರ್ಸಿ ಮತ್ತು ಕಿಲ್ಟ್‌ಗಳೇ. ಮನೆಯಲ್ಲಿ ಲುಂಗಿ ಉಟ್ಟೇ ಬೆಳೆದವನಿಗೆ ಮೊಣಕಾಲಿಗೆ ಗಾಳಿ ಆಡಿದರೆ ಹಿತವೇ ಅಲ್ವಾ?

ಅಂಗಡಿಯವನು ಮೊದಲು ಕೇಳಿದ್ದು ನನ್ನ ಮನೆತನದ ಹೆಸರು. ಹೇಳಿದೆ. ದೊಡ್ಡ ಪುಸ್ತಕ ತೆರೆದು ಹುಡುಕುವ ನಾಟಕ ಆಡಿದ. ಇಲ್ಲಿನ ಮನೆತನಗಳಿಗೆ ತಮ್ಮದೇ ಚೌಕಳಿ ವಿನ್ಯಾಸ ಇರುತ್ತದೆ, ಅದೇ ಟಾರ್ಟನ್. ಗೌಡರಿಗೆ ಎಲ್ಲಿಂದ ಟಾರ್ಟನ್ ಬರಬೇಕು! ಆಮೇಲೆ ಬ್ಲ್ಯಾಕ್ ವಾಚ್ ಎಂಬ ಕಡು ಹಸಿರು-ನೀಲಿ ಚೌಕಳಿಯದನ್ನು ತೆಗೆದು, 'ಇದನ್ನ ಯಾರು ಬೇಕಾದರೂ ಹಾಕಬಹುದು ಸರ್, ಹೈಲ್ಯಾಂಡ್ ವುಲ್, ಜೀವಮಾನ ಪೂರ್ತಿ ಬರುತ್ತೆ' ಅಂದ. ಮೊದಲ ಭಾಗ ನಿಜ. ಯಾವ ಟಾರ್ಟನ್ ಯಾರು ಉಡಬೇಕು ಅನ್ನುವ ಕಾನೂನು ಇಲ್ಲ. ರಾಜಮನೆತನದ ಬಾಲ್‌ಮೋರಲ್ ಥರದ ಒಂದೆರಡನ್ನು ಮರ್ಯಾದೆಗೆ ಬಿಟ್ಟುಬಿಡುತ್ತಾರೆ, ಅಷ್ಟೇ. ಯಾವುದಾದರೂ ಹೆಸರು ನಿಜವೋ ಕಟ್ಟುಕತೆಯೋ ಅಂತ ಗೊತ್ತಾಗಬೇಕಾದರೆ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಅಂತ ಸರ್ಕಾರದ್ದೇ ದಾಖಲೆ ಇದೆ. 2009ರಿಂದ ನಡೆಯುತ್ತಿದೆ, ಹುಡುಕಲು ದುಡ್ಡು ಕೊಡಬೇಕಿಲ್ಲ.

ಎರಡನೇ ಭಾಗ, ಆ 'ವುಲ್', ಮನೆಯಲ್ಲಿ ಬಯಲಾಯಿತು.

ನನ್ನ ಹೆಂಡತಿ ತನ್ನ ಬ್ಲೌಸುಗಳನ್ನು ತಾನೇ ಹೊಲಿದುಕೊಳ್ಳುವವಳು. ಕಿಲ್ಟ್ ಕೈಗೆ ಸಿಕ್ಕ ಕೂಡಲೇ ಚೌಕಳಿ ನೋಡಲಿಲ್ಲ, ಒಳಗೆ ತಿರುಗಿಸಿದಳು. 'ಏನ್ರೀ ಇದು? ಲೈನಿಂಗ್ ಇಲ್ಲ, ಕ್ಯಾನ್ವಾಸ್ ಇಲ್ಲ. ನೆರಿಗೆ ಮಡಚಿ ಮೇಲಿಂದ ಮಷೀನ್ ಓಡಿಸಿಬಿಟ್ಟಿದಾರೆ.' ಸೊಂಟದ ಪಟ್ಟಿಯ ಒಳಮಡಿಕೆಯಲ್ಲಿ, ವೆಲ್ಕ್ರೋ ಹಿಂದೆ, ಹೆಬ್ಬೆರಳ ಉಗುರಿನಷ್ಟು ಬಿಳಿ ಚೀಟಿ ಅಡಗಿ ಕೂತಿತ್ತು. 100% ಅಕ್ರಿಲಿಕ್. ಹೊರಗೆ ನೇತಾಡುತ್ತಿದ್ದ ಬಣ್ಣದ ಕಾರ್ಡ್ ಮೇಲೆ 'ಅಕ್ರಿಲಿಕ್ ವುಲ್' ಅಂತ ಇತ್ತು. ಅದು ಉಣ್ಣೆಯೂ ಅಲ್ಲ, ಅರೆ ಉಣ್ಣೆಯೂ ಅಲ್ಲ. ಪೂರ್ತಿ ಪ್ಲಾಸ್ಟಿಕ್ ನೂಲು. ಅವಳಿಗೆ ಅಷ್ಟಕ್ಕೂ ಸಮಾಧಾನ ಆಗಲಿಲ್ಲ. ಒಳಗಿನ ಒಂದು ಎಳೆ ಕಿತ್ತು ಸಿಂಕ್ ಮೇಲೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದಳು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದನ್ನು ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಇದು ಕರಗಿ, ಕುಗ್ಗಿ, ತುದಿಯಲ್ಲಿ ಗಟ್ಟಿ ಕರಿ ಮಣಿಯಾಯಿತು. ಉಗುರಿಂದ ಒತ್ತಿದರೂ ಒಡೆಯಲಿಲ್ಲ.

ಆದರೂ ಇರಲಿ, ಅಕ್ರಿಲಿಕ್ ಆದರೇನು ಅಂತ ಉಟ್ಟೆ. ಅಲ್ಲಿಂದ ಶುರುವಾಯಿತು.

ಮೊದಲು ಗಾಳಿ. ಎಡಿನ್‌ಬರಾದ ನಾರ್ತ್ ಬ್ರಿಜ್ ಮೇಲೆ ನಡೆದವರಿಗೆ ಆ ಗಾಳಿ ಎಂಥದು ಅಂತ ಗೊತ್ತು. ಕಿಲ್ಟ್ ಮಾನ ಕಾಯುವುದು ಅದರ ತೂಕದಿಂದ. ಒಳ್ಳೆ ಕಿಲ್ಟ್‌ಗೆ 8 ಗಜ, ಅಂದರೆ ಏಳು ಮೀಟರ್ ದಾಟಿ ಬಟ್ಟೆ ಹೋಗುತ್ತದೆ. ನಮ್ಮ ಸೀರೆಗಿಂತ ಜಾಸ್ತಿ. ಅದರಲ್ಲಿ ಬಹುಪಾಲು ಹಿಂದಿನ ನೆರಿಗೆಗೇ. ದಪ್ಪ ಉಣ್ಣೆಯದಾದರೆ ಒಟ್ಟು ಎರಡು ಕಿಲೋ ಹತ್ತಿರ ತೂಗುತ್ತದೆ, ಹಾಗಾಗಿ ಸುಮ್ನೆ ಹಾರುವುದಿಲ್ಲ. ನನ್ನದು ಬಟ್ಟೆಯೂ ಕಡಿಮೆ, ತೂಕವೂ ಕಡಿಮೆ. ಸೇತುವೆ ದಾಟುವವರೆಗೆ ಎರಡೂ ಕೈ ತೊಡೆ ಬಿಟ್ಟು ಬರಲಿಲ್ಲ.

ಆಮೇಲೆ ವೆಲ್ಕ್ರೋ. ಸರಿಯಾದ ಕಿಲ್ಟ್‌ಗೆ ಚರ್ಮದ ಪಟ್ಟಿ, ಬಕಲ್ ಇರುತ್ತವೆ. ಅದಕ್ಕೆ ಊಟವಾದ ಮೇಲೆ ಒಂದು ತೂತು ಸಡಿಲ ಮಾಡಿಕೊಳ್ಳಬಹುದು. ವೆಲ್ಕ್ರೋ ಹೊಸದರಲ್ಲಿ ಕಚ್ಚುತ್ತದೆ. ಸ್ವಲ್ಪ ದಿನ ಕಳೆದರೆ ಅದೇ ಬಟ್ಟೆಯ ಜುಂಗು ತುಂಬಿಕೊಂಡು ಹಿಡಿತ ಹೋಗುತ್ತದೆ. ಬಸ್ಸಿನಲ್ಲಿ ಕೂತಾಗ ಪರ್ರ್ ಅಂತ ಬಿಚ್ಚಿಕೊಂಡ ಶಬ್ದಕ್ಕೆ ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ, ಪಾಪ, ಮತ್ತೆ ಕಿಟಕಿ ಕಡೆ ಮುಖ ಮಾಡಿದರು.

ನೆರಿಗೆಗಳ ಪಾಡು ಇನ್ನೂ ಕಷ್ಟ. ಚೆನ್ನಾಗಿ ಹೊಲಿದ ಕಿಲ್ಟ್‌ನಲ್ಲಿ ಪ್ರತಿ ನೆರಿಗೆಯನ್ನೂ ಸೊಂಟದಿಂದ ಪೃಷ್ಠದವರೆಗೆ, ಮೇಲೆ ಕಿರಿದಾಗುವಂತೆ ಹೊಲಿದಿರುತ್ತಾರೆ. ಒಳಗೆ ಕ್ಯಾನ್ವಾಸ್ ಕೊಟ್ಟು ಆ ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾರೆ. ಹೀಗಾಗಿ ಕೂತೆದ್ದರೂ ಆಕಾರ ಕೆಡುವುದಿಲ್ಲ. ನನ್ನದರಲ್ಲಿ ಹೊಲಿಗೆ ಮೇಲಿನ ಎರಡು ಮೂರು ಇಂಚಿಗೇ ಮುಗಿದಿತ್ತು. ಕೆಳಗೆ ಬರೀ ಇಸ್ತ್ರಿಯ ಗೆರೆ. ಒಂದು ಮಳೆ, ಒಂದು ವಾಶಿಂಗ್ ಮಷೀನ್, ಅಷ್ಟಕ್ಕೇ ನೆರಿಗೆ ಹೋಗಿ ಲಂಗದ ಹಾಗೆ ಹರಡಿಕೊಂಡಿತು. ಕೂರುವ ಜಾಗದಲ್ಲಿ ನೂಲು ಎದ್ದು ಸಣ್ಣ ಸಣ್ಣ ಗುಂಡು ಕಟ್ಟಿದವು. ನೆರಿಗೆ ಮತ್ತೆ ಕೂರಿಸೋಣ ಅಂತ ಇಸ್ತ್ರಿಪೆಟ್ಟಿಗೆ ಇಟ್ಟರೆ ಆ ಜಾಗ ಹೊಳಪಾಗಿ, ಗಟ್ಟಿಯಾಗಿ, ಎರಡು ಮಡಿಕೆ ಒಂದಕ್ಕೊಂದು ಅಂಟಿಕೊಂಡವು. ಬಿಡಿಸುವಾಗ ಹರಿಯಿತು.

ಅಂಗಡಿಗೆ ಹೋದೆ. ಮೊದಲು ಮಾರಿದವನು ಇರಲಿಲ್ಲ. ಕೌಂಟರ್ ಹಿಂದೆ 'ಮಾರಿದ್ದು ವಾಪಸ್ ಇಲ್ಲ' ಅನ್ನುವ ಬೋರ್ಡ್ ತೋರಿಸಿ ಮ್ಯಾನೇಜರ್ ಒಂದು ಮಾತು ಹೇಳಿದ: 'ಇದು ಸೌವೆನೀರ್ ಸರ್, ಇದನ್ನ ಯಾರೂ ನಿಜವಾಗಿ ಹಾಕ್ಕೊಳಲ್ಲ.' ಮಾರುವಾಗ ಜೀವಮಾನ, ವಾಪಸ್ ತಂದಾಗ ಸೌವೆನೀರ್! ಬೇಕಾದರೆ ಅದೇ ಮಾಲಿನ ಇನ್ನೊಂದು ಬಣ್ಣ ತಗೊಳ್ಳಿ ಅಂದ.

ಇಲ್ಲಿ ಒಂದಿಷ್ಟು ಕಾನೂನು ತಿಳಿದುಕೊಂಡಿರಿ, ಕಿಲ್ಟ್‌ಗೆ ಮಾತ್ರ ಅಲ್ಲ, ಬ್ರಿಟನ್ನಿನಲ್ಲಿ ಏನೇ ಕೊಂಡರೂ ಬೇಕಾಗುತ್ತದೆ. ಕನ್ಸ್ಯೂಮರ್ ರೈಟ್ಸ್ ಆಕ್ಟ್ 2015ರ ಪ್ರಕಾರ ಮಾಲು ತಕ್ಕ ಗುಣಮಟ್ಟದ್ದಿರಬೇಕು, ಹೇಳಿದ ಹಾಗೇ ಇರಬೇಕು. ಇಲ್ಲದಿದ್ದರೆ 30 ದಿನದೊಳಗೆ ಹಿಂದಕ್ಕೆ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಯಾವ ಬೋರ್ಡ್ ಹಾಕಿದರೂ ಆ ಹಕ್ಕು ಹೋಗುವುದಿಲ್ಲ. 30 ದಿನ ದಾಟಿದರೆ ಮೊದಲು ರಿಪೇರಿ ಅಥವಾ ಬದಲಿ, ಅದೂ ಸರಿಹೋಗದಿದ್ದರೆ ಬೆಲೆಯಲ್ಲಿ ಕಡಿತ ಅಥವಾ ವಾಪಸಾತಿ. ಆದರೆ ಸುಮ್ಮನೆ ಮನಸ್ಸು ಬದಲಾಯಿತು ಅಂತ ಅಂಗಡಿಯಲ್ಲಿ ಕೊಂಡದ್ದನ್ನು ವಾಪಸ್ ಮಾಡುವ ಹಕ್ಕಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೆ 14 ದಿನ ಇದೆ, ನಿಮ್ಮ ಅಳತೆಗೇ ಹೊಲಿಸಿದ್ದಕ್ಕೆ ಅದೂ ಇಲ್ಲ. ಬೆಲೆ 100 ಪೌಂಡ್ ದಾಟಿದ್ದರೆ ಕ್ರೆಡಿಟ್ ಕಾರ್ಡ್‌ನಲ್ಲೇ ಕೊಡಿ. ಅಂಗಡಿಯವನು ಕೈಯೆತ್ತಿದರೆ ಕಾರ್ಡ್ ಕಂಪನಿಯನ್ನೇ ಕೇಳಬಹುದು.

ನಾನು ಹೋದಾಗ ತಿಂಗಳು ದಾಟಿತ್ತು. 'ವುಲ್' ಅಂದದ್ದು ಬಾಯಿಮಾತು, ಬಿಲ್ ಮೇಲೆ ಬರೀ 'ಕಿಲ್ಟ್' ಅಂತ ಇತ್ತು. ಫೋಟೋ ಸಮೇತ, ಆಕ್ಟ್ ಹೆಸರು ಹಾಕಿ ಇಮೇಲ್ ಬರೆದ ಮೇಲೆ ಅರ್ಧ ದುಡ್ಡು ಬಂತು. ಅದಕ್ಕೇ ಹೇಳುವುದು, ಉಣ್ಣೆ ಅಂದರೆ ಬಿಲ್ ಮೇಲೆ 'ಉಣ್ಣೆ' ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಿತು ಅಂತಲೇ ಅರ್ಥ.

ಹಾಗಾದರೆ ಮೊದಲ ಕಿಲ್ಟ್ ಯಾವುದು ತಗೋಬೇಕು? ಹೊಸ ಉಣ್ಣೆ ಬಟ್ಟೆಯಲ್ಲಿ ಕೈಯಿಂದ ಹೊಲಿಸಿದರೆ 500 ಪೌಂಡ್ ದಾಟುತ್ತದೆ. ಬೆಲೆಗೆ ತಕ್ಕ ಕೆಲಸ ಅದು, ಆದರೆ ಮೊದಲನೆಯದಕ್ಕೆ ಅಷ್ಟು ಸುರಿಯಬೇಡಿ. ಅಗ್ಗದಲ್ಲಿ ನನಗೆ ಸರಿ ಅನ್ನಿಸುವುದು ಎರಡೇ ದಾರಿ.

ಒಂದು ಪಿವಿ, ಅಂದರೆ ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆ. ಇದೂ ಉಣ್ಣೆ ಅಲ್ಲ, ಆದರೆ ಮಾರುವವರು ಉಣ್ಣೆ ಅಂತ ಸುಳ್ಳೂ ಹೇಳುವುದಿಲ್ಲ. ಚುಚ್ಚುವುದಿಲ್ಲ, ತಣ್ಣೀರಿನಲ್ಲಿ ಮಷೀನಿಗೆ ಹಾಕಬಹುದು, ನೆರಿಗೆಯನ್ನು ಶಾಖ ಕೊಟ್ಟು ಕೂರಿಸಿರುವುದರಿಂದ ಸುಲಭಕ್ಕೆ ಹೋಗುವುದಿಲ್ಲ. ಐದು ಗಜದ್ದು, ಚರ್ಮದ ಬಕಲ್ ಇರುವಂಥದ್ದು ನೂರು ಪೌಂಡ್ ಆಚೀಚೆಗೆ ಸಿಗುತ್ತದೆ. ನಾಯಿ ಕರೆದುಕೊಂಡು ಹೋಗುವವರಿಗೆ, ಪೆಂಟ್‌ಲ್ಯಾಂಡ್ ಗುಡ್ಡ ಹತ್ತುವವರಿಗೆ ಇದೇ ವಾಸಿ. ಉಣ್ಣೆಗಿಂತ ಹಗುರ, ಗಾಳಿಯಲ್ಲಿ ಸ್ವಲ್ಪ ಆಡುತ್ತದೆ ಅನ್ನುವುದೊಂದೇ ಕೊರತೆ.

ಇನ್ನೊಂದು, ನಾನು ಕೊನೆಗೆ ಹಿಡಿದದ್ದು, ಹಳೇ ಉಣ್ಣೆ ಕಿಲ್ಟ್. ಮದುವೆಗಳಿಗೆ ಬಾಡಿಗೆ ಕೊಡುವ ಅಂಗಡಿಗಳು ತಮ್ಮ ಹಳೆ ಸ್ಟಾಕ್ ಮಾರುತ್ತವೆ. ಚಾರಿಟಿ ಅಂಗಡಿಗಳಲ್ಲಿ, ಗ್ರಾಸ್‌ಮಾರ್ಕೆಟ್ ಕಡೆಯ ಹಳೆ ಬಟ್ಟೆ ಅಂಗಡಿಗಳಲ್ಲೂ ಕಣ್ಣಿಡಿ. ಬಾಡಿಗೆಯವು ಸಾಮಾನ್ಯವಾಗಿ ದಪ್ಪ ಉಣ್ಣೆಯವು, ಹತ್ತಾರು ಜನ ಕುಣಿದು ಬೆವರಿದರೂ ತಡೆದವು. ಇನ್ನು ನಿಮ್ಮ ಶನಿವಾರದ ಓಡಾಟ ಯಾವ ಲೆಕ್ಕ? ಕೊಳ್ಳುವ ಮುಂಚೆ ಕಿಟಕಿ ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ. ಚರ್ಮದ ಪಟ್ಟಿ ಬಿರುಕು ಬಿಟ್ಟಿದ್ದರೆ ಹೆದರಬೇಡಿ, ಅದನ್ನು ಬದಲಾಯಿಸಬಹುದು. ನುಸಿ ತೂತು ಬಂದ ನೆರಿಗೆಯನ್ನು ಬದಲಾಯಿಸಲು ಆಗುವುದಿಲ್ಲ. ಕೆಳಗಿನ ಅಂಚನ್ನೂ ನೋಡಿ. ಒಳ್ಳೆ ಕಿಲ್ಟ್‌ಗೆ ಅಂಚು ಮಡಚಿ ಹೊಲಿದಿರುವುದಿಲ್ಲ, ಬಟ್ಟೆ ನೇಯುವಾಗಲೇ ಬಂದ ಗಟ್ಟಿ ಅಂಚೇ ಇರುತ್ತದೆ. ಮಡಚಿ ಮಷೀನ್ ಹೊಲಿಗೆ ಹಾಕಿದ್ದರೆ ಎರಡನೇ ಸಲ ಯೋಚಿಸಿ.

ಅಳತೆಯಲ್ಲಿ ಬಹಳ ಜನ ಎಡವುತ್ತಾರೆ. ಪ್ಯಾಂಟಿನ ಸೈಜ್ ಹೇಳಬೇಡಿ. ಜೀನ್ಸ್ ಸೊಂಟದ ಕೆಳಗೆ ಕೂರುತ್ತದೆ, ಕಿಲ್ಟ್ ಕಟ್ಟುವುದು ಹೊಕ್ಕುಳ ಮಟ್ಟದಲ್ಲಿ. ಪ್ಯಾಂಟ್ 34 ಇರುವವರಿಗೆ ಅಲ್ಲಿ 36, 37 ಬರುವುದು ಮಾಮೂಲು. ಹೊಟ್ಟೆ ಇದ್ದವರಿಗೆ ಇನ್ನೂ ಜಾಸ್ತಿ. ಟೇಪು ಹಿಡಿದು ಹೊಕ್ಕುಳ ಸುತ್ತ ಒಂದು, ಪೃಷ್ಠದ ಅಗಲ ಜಾಗದಲ್ಲಿ ಒಂದು, ಹೊಕ್ಕುಳಿಂದ ಮೊಣಕಾಲ ಚಿಪ್ಪಿನ ನಡುವಿನವರೆಗೆ ಒಂದು, ಇಷ್ಟು ಅಳತೆ ಬೇಕು. ಉಸಿರು ಎಳೆದು ಹೊಟ್ಟೆ ಒಳಗೆ ಹಿಡಿಯಬೇಡಿ, ಬೇರೆಯವರ ಕೈಯಲ್ಲಿ ಅಳೆಸಿ.

'ಎಲ್ಲಾ ಸೇರಿ 99 ಪೌಂಡ್' ಅನ್ನುವ ಸೆಟ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಪೋರನ್ ಅಂದರೆ ಮುಂದೆ ನೇತುಹಾಕುವ ಚೀಲ, ಅದರ ಸರಪಳಿ ತುಕ್ಕು ಹಿಡಿಯುತ್ತದೆ, ಕಾಲುಚೀಲ ಜಾರುತ್ತದೆ. ದಿನದ ಬಳಕೆಗೆ ಅಗಲದ ಚರ್ಮದ ಬೆಲ್ಟ್, ಒಂದು ಸಾದಾ ಚರ್ಮದ ಸ್ಪೋರನ್, ನಿಮ್ಮ ಹತ್ತಿರ ಈಗಾಗಲೇ ಇರುವ ಉಣ್ಣೆ ಕಾಲುಚೀಲ ಸಾಕು. ಕಿಲ್ಟ್ ಪಿನ್ ಇದ್ದರೆ, ಮುಂದೆ ಒಂದರ ಮೇಲೊಂದು ಬರುವ ಎರಡು ಮಡಿಕೆಗಳಲ್ಲಿ ಮೇಲಿನದಕ್ಕೆ ಮಾತ್ರ ಚುಚ್ಚಿ. ಎರಡೂ ಮಡಿಕೆ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತದೆ.

ನನ್ನ ಈಗಿನದು ಬಾಡಿಗೆ ಅಂಗಡಿಯಿಂದ ಬಂದ ಹಳೇ ಉಣ್ಣೆಯದು. ಪಿವಿಯ ಹೊಸ ಕಿಲ್ಟ್‌ಗಿಂತ ಕಡಿಮೆಗೆ ಸಿಕ್ಕಿತು. ಒಗೆಯುವುದಿಲ್ಲ, ಉಟ್ಟ ಮೇಲೆ ರಾತ್ರಿ ಗಾಳಿಗೆ ತೂಗುಹಾಕುತ್ತೇನೆ, ಕಲೆ ಆದರೆ ಒದ್ದೆ ಬಟ್ಟೆಯಲ್ಲಿ ಅಲ್ಲಷ್ಟೇ ಒರೆಸುತ್ತೇನೆ. ಕೂರುವಾಗ ಹಿಂದಿನ ನೆರಿಗೆಯನ್ನು ಕೈಯಿಂದ ಸವರಿಕೊಂಡು ಕೂರುತ್ತೇನೆ. ನಿಮಗೂ ಅಂಥದ್ದು ಬೇಕಿದ್ದರೆ ಬಾಡಿಗೆ ಅಂಗಡಿಗೆ ಫೋನ್ ಮಾಡಿ, ಹಳೆ ಸ್ಟಾಕ್ ಯಾವಾಗ ತೆಗೆಯುತ್ತೀರಿ, ನನ್ನ ಅಳತೆಯದು ಬಂದರೆ ತಿಳಿಸಿ ಅಂತ ನಂಬರ್ ಕೊಟ್ಟಿಡಿ. ಮಧ್ಯಮ ಸೈಜ್‌ನವು ಬೇಗ ಖಾಲಿಯಾಗುತ್ತವೆ.