ಪೋಸ್ಟ್‌ಫಿಕ್ಸ್: ಸೋರ್ಸ್‌ನಿಂದ ಕಂಪೈಲ್ ಮಾಡಿ ವರ್ಷಗಟ್ಟಲೆ ಬಳಸಿದ ಮೇಲೆ

ಶಿರಸಿಯ ಒಂದು ಅಡಿಕೆ ವ್ಯಾಪಾರದ ಕಚೇರಿಗೆ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಗಿಸುವ ಸಾಫ್ಟ್‌ವೇರ್ ಓಡುತ್ತಿದೆ. ಸಿದ್ಧ ಪ್ಯಾಕೇಜ್ ಸಿಗುತ್ತದೆ, ನಿಜ. ಆದರೂ ನಾನು ಸೋರ್ಸ್‌ನಿಂದಲೇ, ಅಂದರೆ ಮೂಲ ಕೋಡ್‌ನಿಂದಲೇ, ಕಂಪೈಲ್ ಮಾಡಿ ಓಡುವ ಪ್ರೋಗ್ರಾಮ್ ಕಟ್ಟಿಕೊಳ್ಳುತ್ತೇನೆ. ಹೊಸ ಆವೃತ್ತಿಗೆ ಕಾಯಬೇಕಿಲ್ಲ, ಒಳಗೆ ಏನಿದೆ ಅಂತಲೂ ಗೊತ್ತಿರುತ್ತದೆ.

ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಂದ ಸಾಫ್ಟ್‌ವೇರ್ ಇದು. ಕಂಪೈಲ್ ಮಾಡುವಾಗ ಬರುವ ಇದರ ಎರರ್‌ಗಳು ಸುಳ್ಳು ಹೇಳುವುದಿಲ್ಲ. ಆದರೆ ಓದುವುದನ್ನು ಮೇಲಿನಿಂದ ಶುರು ಮಾಡಬೇಕು. ಕೊನೆಯಲ್ಲಿ ಕಾಣುವ 'ಎರರ್ 1' ಬರೀ ಮೇಕ್ (ಕಂಪೈಲ್ ನಡೆಸುವ ಕಮಾಂಡ್) ನಿಂತಿತು ಅನ್ನುತ್ತದೆ, ಕಾರಣ ಅದಕ್ಕಿಂತ ಎಷ್ಟೋ ಸಾಲು ಮೇಲಿರುತ್ತದೆ.

ಹೊಸ ಮಷೀನ್‌ನಲ್ಲಿ ಮೊದಲು ಸಿಗುವುದು 'ಡಿಬಿ ಡಾಟ್ ಹೆಚ್ ಇಲ್ಲ' ಅನ್ನುವ ದೂರು, ಅಂದರೆ ಬರ್ಕ್ಲಿ ಡಿಬಿ ಅನ್ನುವ ಡೇಟಾಬೇಸ್ ಲೈಬ್ರರಿಯ ಹೆಡರ್ ಫೈಲ್ ಸಿಕ್ಕಿಲ್ಲ. ಲಿಬ್‌ಡಿಬಿ-ಡೆವ್ ಪ್ಯಾಕೇಜ್ ಹಾಕಿದರೆ ಮುಗಿಯಿತು. ಕೆಲವರು ಸುಮ್ನೆ 'ನೋ ಡಿಬಿ' ಆಯ್ಕೆ ಕೊಟ್ಟು ದಾಟುತ್ತಾರೆ. ಕಂಪೈಲ್ ಆಗುತ್ತದೆ. ಆದರೆ ಏಲಿಯಾಸ್‌ಗಳು (ಯಾವ ಹೆಸರಿನ ಮೇಲ್ ಯಾರಿಗೆ ಅನ್ನುವ ಪಟ್ಟಿ) ಆ ಡಿಬಿ ಬಳಸುವ ಹ್ಯಾಶ್ ಟೇಬಲ್‌ನಲ್ಲಿದ್ದರೆ ಆಮೇಲೆ ತೆರೆಯುವುದೇ ಇಲ್ಲ.

ಎಸ್‌ಎಸ್‌ಎಲ್ ಹೆಸರಿನ 'ಅನ್‌ಡಿಫೈನ್ಡ್ ರೆಫರೆನ್ಸ್' ಸಾಲುಗಳು ಬಂದರೆ ಹೆಡರ್ ಸಿಕ್ಕಿದೆ, ಲೈಬ್ರರಿ ಸೇರಿಲ್ಲ ಅಂತ ಅರ್ಥ. ಕಂಪೈಲರ್‌ಗೆ ಆಯ್ಕೆ ಕೊಡುವ ಸಿಸಿಆರ್ಗ್ಸ್‌ನಲ್ಲಿ ಟಿಎಲ್ಎಸ್ (ಮೇಲ್ ಸಂಪರ್ಕದ ಗೂಢಲಿಪೀಕರಣ) ಕೇಳಿದ್ದೀರಿ ಅಲ್ವಾ? ಸೇರಿಸಬೇಕಾದ ಲೈಬ್ರರಿಗಳ ಪಟ್ಟಿಯಾದ ಆಕ್ಸ್‌ಲಿಬ್ಸ್‌ನಲ್ಲಿ ಎಸ್‌ಎಸ್‌ಎಲ್, ಕ್ರಿಪ್ಟೊ ಎರಡೂ ಇವೆಯಾ ನೋಡಿ.

ಎರರ್ ಕೊಡದೆ ಕೈಕೊಡುವುದು ಐಸಿಯು, ಯುನಿಕೋಡ್ ಅಕ್ಷರಗಳನ್ನು ನಿಭಾಯಿಸುವ ಲೈಬ್ರರಿ. ಲಿಬ್‌ಐಸಿಯು-ಡೆವ್ ಇಲ್ಲದಿದ್ದರೆ ಅಂತಾರಾಷ್ಟ್ರೀಯ ವಿಳಾಸಗಳ ಬೆಂಬಲವಿಲ್ಲದೆ ಕಂಪೈಲ್ ಮುಗಿದೇ ಹೋಗುತ್ತದೆ. ಕನ್ನಡ ಲಿಪಿಯ ಮೇಲ್ ವಿಳಾಸಕ್ಕೆ ಬೇಕಾದದ್ದು ಇದೇ, ಹಾಗಾಗಿ ನಾನಂತೂ ಬಿಡುವುದಿಲ್ಲ. ಇಲ್ಲಿ ಕಂಪೈಲ್ ಹಂತದಲ್ಲೇ ಜೋರಾಗಿ ಹೇಳಬೇಕಿತ್ತು. ಇದರ ಮೇಲೆ ನನಗಿರುವ ದೊಡ್ಡ ಬೇಸರ ಇದು.

ಹಳೆಯ ಆವೃತ್ತಿಯನ್ನು ಹೊಸ ಕರ್ನಲ್ ಮೇಲೆ ಕಟ್ಟಿದರೆ 'ಅಪರಿಚಿತ ಸಿಸ್ಟಮ್' ಎನ್ನುತ್ತದೆ. ಸಿಸ್ಟಮ್ ಗುರುತಿಸುವ ಮೇಕ್‌ಡೆಫ್ಸ್ ಸ್ಕ್ರಿಪ್ಟ್ ತಿದ್ದುವ ಬದಲು ಹೊಸ ಆವೃತ್ತಿ ಇಳಿಸಿಕೊಳ್ಳಿ. ಬೇರೆ ಮಷೀನ್‌ನಿಂದ ಫೋಲ್ಡರ್ ನಕಲು ಮಾಡಿ ತಂದಿದ್ದರೆ ಹಳೆಯ ಕಂಪೈಲ್‌ನ ಉಳಿಕೆ ಅಳಿಸಲು ಮೊದಲು 'ಮೇಕ್ ಟೈಡಿ' ಕೊಡಿ.

ಸ್ವಂತ ಮೇಲ್ ಸರ್ವರ್‌ಗೆ ಇಷ್ಟೆಲ್ಲ ಪಾಡು ಯಾಕೆ ಅಂದರೆ ಮಳೆಗಾಲ. ಘಟ್ಟದಲ್ಲಿ ಮರ ಬಿದ್ದು ಕೇಬಲ್ ಹರಿದರೆ ನೆಟ್ ಯಾವಾಗ ಬರುತ್ತದೋ ಗೊತ್ತಿಲ್ಲ. ಹೊರಹೋಗುವ ಮೇಲ್‌ಗಳು ಕ್ಯೂನಲ್ಲಿ ಕಾಯುತ್ತವೆ. ಏನೂ ಬದಲಿಸದಿದ್ದರೆ 5 ದಿನದವರೆಗೆ ಮತ್ತೆ ಮತ್ತೆ ಪ್ರಯತ್ನ ನಡೆಯುತ್ತದೆ. ನೆಟ್ ಬಂದ ಕೂಡಲೇ ಕ್ಯೂ ಫ್ಲಶ್ ಮಾಡಿದರೆ ಕೊಟೇಶನ್‌ಗಳೆಲ್ಲ ಹೊರಡುತ್ತವೆ.

ಆವೃತ್ತಿ ಬದಲಿಸುವಾಗ 'ಮೇಕ್ ಅಪ್‌ಗ್ರೇಡ್' ಬಳಸಿ, ಮೇನ್ ಸಿಎಫ್ ಅನ್ನುವ ಮುಖ್ಯ ಫೈಲಿನಲ್ಲಿ ನೀವು ಮಾಡಿಟ್ಟ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಹಿಂದಿನ ಸಲ ಯಾವ ಆಯ್ಕೆ ಕೊಟ್ಟಿದ್ದಿರೋ ಅದು ಮೇಕ್‌ಡೆಫ್ಸ್ ಡಾಟ್ ಔಟ್ ಫೈಲಿನಲ್ಲಿದೆ, ನೋಡಿಕೊಂಡು ಬರೆಯಿರಿ.