4ಕೆ ಮಾನಿಟರಿನ ಜೊತೆ 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುನ್ನ

ಹೊಸ ಗ್ರಾಫಿಕ್ಸ್ ಕಾರ್ಡನ್ನೂ 4ಕೆ ಮಾನಿಟರನ್ನೂ ಒಟ್ಟಿಗೆ ಕೊಳ್ಳಲು ಹೊರಟಿರುವವರು ಹಣ ಕಟ್ಟುವ ಮುನ್ನ ದಯವಿಟ್ಟು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ನನಗೆ 27 ಇಂಚಿನ 4ಕೆ ಮಾನಿಟರನ್ನೂ 8 ಜಿಬಿ ಮೆಮೊರಿಯ ಹೊಸ ಕಾರ್ಡನ್ನೂ ಜೋಡಿಯಾಗಿ ಮಾರಿದರು. "ಪಿಕ್ಸೆಲ್ ನಾಲ್ಕು ಪಟ್ಟು ಸಾರ್, ಗೇಮ್ ಕೂಡ ಹಾಗೇ ಕಾಣುತ್ತೆ" ಎಂಬುದು ಅಲ್ಲಿ ಸಿಕ್ಕ ಭರವಸೆ. ಮನೆಗೆ ತಂದು ಆಡಿ ನೋಡಿದಾಗ, ಹಳೆಯ 1080ಪಿ ಪರದೆಯಲ್ಲಿ ಕಾಣುತ್ತಿದ್ದುದಕ್ಕಿಂತ ಕಳಪೆ ಚಿತ್ರ ಕಣ್ಣಿಗೆ ಬಿತ್ತು.

ಅಂಗಡಿಯಲ್ಲಿ ನನಗೆ ತೋರಿಸಿದ್ದು ಗೇಮ್ ಅಲ್ಲ, 4ಕೆ ವಿಡಿಯೊ. ಇವೆರಡರ ವ್ಯತ್ಯಾಸವನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ವಿಡಿಯೊದ ಪ್ರತಿ ಚಿತ್ರವೂ ಮೊದಲೇ ಸಿದ್ಧವಾಗಿರುತ್ತದೆ; ಕಾರ್ಡಿನಲ್ಲಿ ಅದಕ್ಕೆಂದೇ ಇರುವ ಸಣ್ಣ ಭಾಗವೊಂದು ಅದನ್ನು ಫೈಲಿನಿಂದ ಬಿಚ್ಚಿ ಪರದೆಗೆ ಕಳಿಸಿದರೆ ಕೆಲಸ ಮುಗಿಯಿತು, ಸಾಧಾರಣ ಲ್ಯಾಪ್‌ಟಾಪ್ ಕೂಡ ಇದನ್ನು ಸಲೀಸಾಗಿ ಮಾಡುತ್ತದೆ. ಗೇಮ್‌ನಲ್ಲಿ ಬೆಳಕು, ನೆರಳು, ವಸ್ತುಗಳ ಮೇಲ್ಮೈ ಎಲ್ಲವನ್ನೂ ಪ್ರತಿ ಫ್ರೇಮಿಗೂ, ಅಂದರೆ ಪರದೆಗೆ ಬರುವ ಪ್ರತಿ ಚಿತ್ರಕ್ಕೂ, ಹೊಸದಾಗಿ ಲೆಕ್ಕ ಹಾಕಬೇಕು. 1080ಪಿ ಎನ್ನುವ 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆ ಎನ್ನುವ 3840×2160 ಪರದೆಯಲ್ಲಿ ಸುಮಾರು 82.9 ಲಕ್ಷ ಇರುತ್ತವೆ, ಮತ್ತು ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಅಷ್ಟೂ ಪಿಕ್ಸೆಲ್‌ಗಳ ಲೆಕ್ಕ 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ವೇಗವಲ್ಲ, ಮೆಮೊರಿ. ಗೋಡೆಯ ಇಟ್ಟಿಗೆ, ಬಟ್ಟೆಯ ನೇಯ್ಗೆ, ಮುಖದ ಚರ್ಮ ಇವುಗಳ ವಿವರವೆಲ್ಲ ಟೆಕ್ಸ್‌ಚರ್ ರೂಪದಲ್ಲಿ ಕಾರ್ಡಿನ ಮೆಮೊರಿಯಲ್ಲಿ ಕೂತಿರುತ್ತದೆ. ರೆಸಲ್ಯೂಶನ್, ಅಂದರೆ ಚಿತ್ರದ ಪಿಕ್ಸೆಲ್ ಸಂಖ್ಯೆ, ಏರಿಸಿದಾಗ ಫ್ರೇಮ್ ಕಟ್ಟಲು ಬೇಕಾದ ಜಾಗವೂ ಏರಿ, ಟೆಕ್ಸ್‌ಚರ್‌ಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. 8 ಜಿಬಿ ತುಂಬಿದ ಮೇಲೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ, ಅಲ್ಲಿಂದ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಬಹಳ ನಿಧಾನವಾಗಿ ಹಿಂದಿರುಗಬೇಕು. ಆಗ ಬೀದಿಯ ತಿರುವಿನಲ್ಲಿ ಚಿತ್ರ ಒಂದು ಕ್ಷಣ ಗಕ್ಕನೆ ನಿಲ್ಲುತ್ತದೆ, ಇಲ್ಲವೇ ಎದುರಿನ ಗೋಡೆ ಕೆಸರು ಬಳಿದಂತೆ ಮಸುಕಾಗಿಯೇ ಉಳಿಯುತ್ತದೆ. ಇದನ್ನು ತಪ್ಪಿಸಲು ನಾನು ಟೆಕ್ಸ್‌ಚರ್ ಗುಣಮಟ್ಟವನ್ನು ಮಧ್ಯಮಕ್ಕೆ ಇಳಿಸಬೇಕಾಯಿತು, ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗನ್ನು ಆಫ್ ಮಾಡಬೇಕಾಯಿತು. ಹೀಗೆ ಪರದೆಯ ಚುಕ್ಕಿಗಳು ಹೆಚ್ಚಾದವು, ಆ ಚುಕ್ಕಿಗಳು ತೋರಿಸಬೇಕಾಗಿದ್ದ ವಿವರ ಕಡಿಮೆಯಾಯಿತು.

ರೆಸಲ್ಯೂಶನ್‌ನಿಂದ ಉಪಯೋಗವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೂರದ ವಿದ್ಯುತ್ ತಂತಿ, ಹುಲ್ಲು, ಎಲೆ, ಕೂದಲು ಇವುಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದೂ ನಡೆಯುವಾಗ ಮಿಣಮಿಣ ಎನ್ನುವುದೂ 4ಕೆಯಲ್ಲಿ ನಿಜಕ್ಕೂ ತಗ್ಗುತ್ತದೆ. 1080ಪಿಯಲ್ಲಿ ಮಂಜು ಮಂಜಾಗಿದ್ದ 'ರೆಡ್ ಡೆಡ್ ರಿಡೆಂಪ್ಶನ್ 2' ಆಟದ ಕಾಡು ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಬಹಳ ಸ್ಪಷ್ಟವಾಗಿ ಕಂಡಿತು, ಅದು ನನಗೆ ಸಂತೋಷ ಕೊಟ್ಟಿತು. ಆದರೂ ಇದಕ್ಕೊಂದು ಮಿತಿಯಿದೆ. ಸಾಮಾನ್ಯ ದೃಷ್ಟಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬೇರ್ಪಡಿಸಬಲ್ಲದು ಎಂಬ ಲೆಕ್ಕದಲ್ಲಿ, 27 ಇಂಚಿನ 1440ಪಿ (2560×1440) ಪರದೆಯ ಪಿಕ್ಸೆಲ್‌ಗಳು ಸುಮಾರು 80 ಸೆಂಟಿಮೀಟರ್ ದೂರದಲ್ಲೇ ಕಣ್ಣಿನ ಮಿತಿಯನ್ನು ಮುಟ್ಟುತ್ತವೆ. ಮೇಜಿನಿಂದ ಸ್ವಲ್ಪ ಹಿಂದೆ ಕೂತು ಆಡುವವರಿಗೆ ಆ ಅಳತೆಯಲ್ಲಿ 4ಕೆ ಕೊಡುವ ಲಾಭ ಬಹಳ ಚಿಕ್ಕದು. ಬೆಳಕು, ಬಣ್ಣದ ಆಳ, ಟೆಕ್ಸ್‌ಚರ್ ಇವೇ ಹೆಚ್ಚು ಕಣ್ಣಿಗೆ ಹೊಡೆಯುತ್ತವೆ.

"ಭಾರವಾದರೆ 1440ಪಿಗೆ ಇಳಿಸಿಕೊಳ್ಳಿ" ಎಂದೂ ಅಂಗಡಿಯಲ್ಲಿ ಹೇಳಿದ್ದರು. ಅದನ್ನು ನಂಬಬೇಡಿ. 4ಕೆ ಪರದೆಯ ಮೇಲೆ 1440ಪಿಯ ಒಂದು ಪಿಕ್ಸೆಲ್ ಉದ್ದಕ್ಕೂ ಅಗಲಕ್ಕೂ ಒಂದೂವರೆ ಪಿಕ್ಸೆಲ್‌ಗೆ ಹರಡಬೇಕಾಗುವುದರಿಂದ ಅಕ್ಷರಗಳೂ ಅಂಚುಗಳೂ ಕಲಸಿಹೋಗುತ್ತವೆ, ನಿಜವಾದ 1440ಪಿ ಮಾನಿಟರಿನ ಸ್ಪಷ್ಟತೆ ಅಲ್ಲಿ ಸಿಗುವುದಿಲ್ಲ.

ಪೆಟ್ಟಿಗೆಯ ಮೇಲಿನ ಫ್ರೇಮ್ ಸಂಖ್ಯೆಯ ಬಗ್ಗೆಯೂ ಹುಷಾರಾಗಿರಿ. 2025ರ ಜನವರಿಯಲ್ಲಿ ಗ್ರಾಫಿಕ್ಸ್ ಚಿಪ್ ಕಂಪನಿ ಎನ್ವಿಡಿಯಾ ತನ್ನ 549 ಡಾಲರಿನ ಆರ್‌ಟಿಎಕ್ಸ್ 5070 ಕಾರ್ಡ್ ಹಿಂದಿನ ಪೀಳಿಗೆಯ ಅತ್ಯಂತ ಶಕ್ತಿಶಾಲಿ ಕಾರ್ಡಾದ 4090ರ ಸಾಮರ್ಥ್ಯ ಕೊಡುತ್ತದೆ ಎಂದು ಘೋಷಿಸಿದ್ದು ಅನೇಕರಿಗೆ ನೆನಪಿರಬಹುದು. ಕಾರ್ಡ್ ನಿಜವಾಗಿ ಲೆಕ್ಕ ಹಾಕಿದ ಪ್ರತಿ ಫ್ರೇಮಿನ ನಂತರ ಮೂರು ಫ್ರೇಮ್‌ಗಳವರೆಗೆ ಊಹಿಸಿ ಸೇರಿಸುವ 'ಫ್ರೇಮ್ ಜನರೇಶನ್' ತಂತ್ರವನ್ನು ಒಳಗೊಂಡ ಹೋಲಿಕೆ ಅದು. ಊಹಿಸಿದ ಫ್ರೇಮ್‌ಗಳು ಚಲನೆಯನ್ನು ನಯವಾಗಿಸುತ್ತವೆ, ಆದರೆ ಮೌಸ್ ಅಲುಗಿಸಿದ್ದಕ್ಕೆ ಪರದೆ ಸ್ಪಂದಿಸುವ ವೇಗವನ್ನು ಹೆಚ್ಚಿಸುವುದಿಲ್ಲ; ಮೂಲ ವೇಗವೇ ಸೆಕೆಂಡಿಗೆ 25-30 ಫ್ರೇಮ್ ಇದ್ದರೆ ಆಟ ಕೈಗೆ ಭಾರವೇ.

ಕಾರ್ಡನ್ನು ಬದಲಿಸಿಕೊಡಿ ಎಂದು ಕೇಳಿದಾಗ, ಪೆಟ್ಟಿಗೆ ತೆರೆದ ಮೇಲೆ ವಾಪಸ್ ಇಲ್ಲ ಎಂಬ ಉತ್ತರ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ನನ್ನ ಕಾರ್ಡಿನಲ್ಲಿ ದೋಷವಿರಲಿಲ್ಲ, ಕೆಲಸಕ್ಕೆ ಸಾಲದ ಮೆಮೊರಿ ಇತ್ತು ಅಷ್ಟೇ. ಅಂಗಡಿಯವರ ಭರವಸೆಯೂ ಬಾಯಿಮಾತಿನದು. ಆದ್ದರಿಂದ ಬಿಲ್ಲಿನಲ್ಲಿ ಕಾರ್ಡಿನ ಹೆಸರಿನ ಜೊತೆ ಮೆಮೊರಿಯ ಪ್ರಮಾಣವನ್ನೂ ಬರೆಸಿಕೊಳ್ಳಿ. ಆರ್‌ಟಿಎಕ್ಸ್ 5060 ಟಿಐ ಆಗಲಿ, ಇನ್ನೊಂದು ಚಿಪ್ ಕಂಪನಿ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಆಗಲಿ, ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಎರಡೂ ಮಾರಾಟದಲ್ಲಿವೆ. ಅಂಗಡಿಯಲ್ಲಿ ವಿಡಿಯೊ ಹಾಕಿದರೆ ನಿಲ್ಲಿಸಲು ಹೇಳಿ, 'ಸೈಬರ್‌ಪಂಕ್ 2077' ನಂಥ ಆಟದೊಳಗೇ ಇರುವ, ವೇಗ ಅಳೆಯುವ ಬೆಂಚ್‌ಮಾರ್ಕನ್ನು 4ಕೆಯಲ್ಲಿ, ಫ್ರೇಮ್ ಜನರೇಶನ್ ಆಫ್ ಮಾಡಿ, ನಿಮ್ಮ ಕಣ್ಣೆದುರಿಗೇ ಓಡಿಸಿ ತೋರಿಸುವಂತೆ ಕೇಳಿ.

ಈಗಾಗಲೇ ಇಂಥ ಜೋಡಿಯನ್ನು ಕೊಂಡಿರುವವರು ಮಾನಿಟರನ್ನು 4ಕೆಯಲ್ಲೇ ಬಿಟ್ಟು, ಆಟದ ಸೆಟ್ಟಿಂಗ್‌ನಲ್ಲಿ ಚಿತ್ರ ಹಿಗ್ಗಿಸುವ ತಂತ್ರಗಳಾದ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್‌ನ ಪರ್ಫಾರ್ಮೆನ್ಸ್ ಮೋಡ್ ಹಾಕಿಕೊಳ್ಳುವುದು ಒಳ್ಳೆಯದು. ಆಗ ಕಾರ್ಡ್ ಒಳಗೊಳಗೆ 1080ಪಿ ಚಿತ್ರ ಕಟ್ಟಿ ಅದನ್ನು ಹಿಗ್ಗಿಸುತ್ತದೆ. ನೇರವಾಗಿ 1440ಪಿಗೆ ಇಳಿಸುವುದಕ್ಕಿಂತ ಇದು ನನಗೆ ಚೆನ್ನಾಗಿ ಕಂಡಿದೆ. ಮೆಮೊರಿಯ ಒತ್ತಡ ಮಾತ್ರ ಪೂರ್ತಿ ತಗ್ಗುವುದಿಲ್ಲ, ಟೆಕ್ಸ್‌ಚರನ್ನು ಒಂದು ಹಂತ ಇಳಿಸಿಯೇ ಆಡಬೇಕಾಗುತ್ತದೆ.